ಹೆಸರಿಲ್ಲದ ಡಬ್ಬಿ: ಸಣ್ಣ ವರ್ಕ್‌ಶಾಪುಗಳಲ್ಲಿ ಅಪಾಯಕಾರಿ ತ್ಯಾಜ್ಯ



ಈ ಪಾಠ ದೊಡ್ಡ ತೈಲ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಬರೆದದ್ದಲ್ಲ. ಅಲ್ಲಿ ಸೇಫ್ಟಿ ಆಫೀಸರ್ ಇದ್ದಾರೆ, ದಿನಾ ಬೆಳಗ್ಗೆ ಟೂಲ್‌ಬಾಕ್ಸ್ ಮೀಟಿಂಗ್ ಇದೆ, ಹೆಲ್ಮೆಟ್ ಇಲ್ಲದೆ ಗೇಟು ದಾಟಿದರೆ ಕೂಗಿ ನಿಲ್ಲಿಸುವವರಿದ್ದಾರೆ. ಇದು ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲೋ, ದುಬೈಯ ಅಲ್ ಕೂಝ್‌ನಲ್ಲೋ, ಅಬುಧಾಬಿಯ ಮುಸಫ್ಫಾದಲ್ಲೋ ಐದಾರು ಜನ ಸೇರಿ ನಡೆಸುವ ಗ್ಯಾರೇಜು, ಡೆಂಟಿಂಗ್-ಪೇಂಟಿಂಗ್ ಶೆಡ್ಡು, ಕಾರ್ಪೆಂಟರಿ, ಬ್ಯಾಟರಿ ಅಂಗಡಿಗಳಲ್ಲಿ ದುಡಿಯುವ ನಮ್ಮವರಿಗೆ. ಅಂಥ ಕಡೆ ಸೇಫ್ಟಿ ಆಫೀಸರ್ ಅಂದರೆ ನೀವೇ. ಮೆಕ್ಯಾನಿಕ್ ಆಗಿ ಬಂದು ಹತ್ತು ವರ್ಷದಲ್ಲಿ ಫೋರ್‌ಮನ್ ಆದವರು, ಪಾಲುದಾರರಾಗಿ ಸ್ವಂತ ಶೆಡ್ಡು ಹಾಕಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರೂ ಇದನ್ನು ಓದಬೇಕು.

‘ತ್ಯಾಜ್ಯ’ ಅಂದಕೂಡಲೇ ನಮಗೆ ಬಲ್ದಿಯಾದವರ ದಂಡ, ಇನ್‌ಸ್ಪೆಕ್ಟರ್, ಫೈಲು ಇಷ್ಟೇ ನೆನಪಾಗುತ್ತದೆ. ಆದರೆ ವರ್ಕ್‌ಶಾಪಿನ ಕೊಳಕು ಎಣ್ಣೆ, ಥಿನ್ನರ್, ಆಸಿಡ್ ಯಾವುದೇ ಇರಲಿ, ಅದು ಮರಳಿಗೆ, ಚರಂಡಿಗೆ, ಸಮುದ್ರಕ್ಕೆ ಸೇರುವ ಮುಂಚೆ ನಿಮ್ಮ ಕೈ, ಕಣ್ಣು, ಶ್ವಾಸಕೋಶದ ಮೂಲಕವೇ ಹಾದು ಹೋಗುತ್ತದೆ. ಅದಕ್ಕೇ ಈ ವಿಷಯವನ್ನು ಕಾರ್ಮಿಕರ ಕ್ಷೇಮದ ಪುಸ್ತಿಕೆಯಲ್ಲಿ ಇಟ್ಟಿದ್ದೇವೆ.

ಪಾಠದ ತಿರುಳು ಒಂದೇ ಮಾತು: ಯಾವ ವಸ್ತುವೂ ನಿಮ್ಮ ಶೆಡ್ಡಿನೊಳಗೆ ತನ್ನ ಹೆಸರನ್ನು ಕಳೆದುಕೊಳ್ಳಬಾರದು. ತಂದಾಗ ಡಬ್ಬಿಯ ಮೇಲೆ ಹೆಸರಿರುತ್ತದೆ. ಬಳಸಿ, ಮಿಕ್ಕಿದ್ದನ್ನು ಬೇರೆ ಬಾಟಲಿಗೆ ಸುರಿದು, ಅದನ್ನು ಇನ್ನೊಂದಕ್ಕೆ ಬೆರೆಸಿ, ಕೊನೆಗೆ ಮೂಲೆಯ ಡ್ರಮ್ಮಿಗೆ ಹಾಕುವಷ್ಟರಲ್ಲಿ ಅದು ಏನೆಂದು ಯಾರಿಗೂ ಗೊತ್ತಿರುವುದಿಲ್ಲ. ಹೆಚ್ಚಿನ ಅನಾಹುತಗಳು ಅಲ್ಲಿಂದಲೇ ಶುರು.

ಮೊದಲು ನೀರಿನ ಬಾಟಲಿ

ಎಲ್ಲಕ್ಕಿಂತ ಸಣ್ಣ, ಎಲ್ಲಕ್ಕಿಂತ ಕೆಟ್ಟ ಅಭ್ಯಾಸ ಇದು. ಅರ್ಧ ಲೀಟರ್ ಥಿನ್ನರ್ ಬೇಕು, ಕೈಗೆ ಸಿಕ್ಕಿದ್ದು ಖಾಲಿಯಾದ ಕುಡಿಯುವ ನೀರಿನ ಬಾಟಲಿ. ಅದರಲ್ಲಿ ತುಂಬಿ ಕೆಲಸದ ಜಾಗದಲ್ಲಿ ಇಟ್ಟಾಯಿತು. ಥಿನ್ನರ್ ನೋಡುವುದಕ್ಕೆ ನೀರಿನ ಹಾಗೆಯೇ ಇರುತ್ತದೆ. ಬ್ಯಾಟರಿ ಆಸಿಡ್ಡೂ ಹಾಗೆಯೇ. ಜುಲೈ ತಿಂಗಳ ಮಧ್ಯಾಹ್ನ, 45 ಡಿಗ್ರಿ ಬಿಸಿಲಿನಿಂದ ಒಳಗೆ ಬಂದವನಿಗೆ ಬಾಯಾರಿ ಗಂಟಲು ಒಣಗಿರುತ್ತದೆ. ಅವನು ಬಾಟಲಿಯ ಬಣ್ಣ ನೋಡುವುದಿಲ್ಲ, ವಾಸನೆ ನೋಡುವುದಿಲ್ಲ, ಎತ್ತಿ ಗಟಗಟ ಕುಡಿಯುತ್ತಾನೆ.

ಕುಡಿಯುವ, ತಿನ್ನುವ ಪದಾರ್ಥ ಬಂದ ಪಾತ್ರೆಯಲ್ಲಿ ಕೆಮಿಕಲ್ ಹಾಕಬೇಡಿ. ಒಂದು ನಿಮಿಷಕ್ಕೂ ಬೇಡ. ಲಬನ್ ಡಬ್ಬಿ, ಜ್ಯೂಸ್ ಬಾಟಲಿ, ಉಪ್ಪಿನಕಾಯಿ ಭರಣಿ ಯಾವುದೂ ಬೇಡ. ಥಿನ್ನರ್ ಮಾರುವ ಅಂಗಡಿಯಲ್ಲೇ ಬೇರೆ ಸಣ್ಣ ಕ್ಯಾನುಗಳೂ ಸಿಗುತ್ತವೆ. ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ದೊಡ್ಡದಾಗಿ ಹೆಸರು ಬರೆಯಿರಿ. ಶೆಡ್ಡಿನಲ್ಲಿ ಮಲಯಾಳಿಗಳು, ಪಾಕಿಸ್ತಾನಿಗಳು, ಬಾಂಗ್ಲಾದವರು, ನೇಪಾಳಿಗಳು ಒಟ್ಟಿಗೆ ಇರುತ್ತಾರೆ. ಆದ್ದರಿಂದ ಬರೀ ಕನ್ನಡದಲ್ಲಿ ಬರೆದರೆ ಸಾಲದು. ಇಂಗ್ಲಿಷಿನಲ್ಲಿ ಹೆಸರು ಬರೆದು, ಪಕ್ಕದಲ್ಲಿ ಬೆಂಕಿಯದೋ ತಲೆಬುರುಡೆಯದೋ ಚಿತ್ರ ಹಾಕಿ. ಓದಲು ಬಾರದವನಿಗೂ ಚಿತ್ರ ತಿಳಿಯುತ್ತದೆ.

ಅಕಸ್ಮಾತ್ ಯಾರಾದರೂ ಥಿನ್ನರ್, ಪೆಟ್ರೋಲ್, ಡೀಸೆಲ್ ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ. ನಮ್ಮೂರ ಕಡೆ ಉಪ್ಪುನೀರು ಕುಡಿಸಿ ಕಕ್ಕಿಸುವ ರೂಢಿ ಇದೆ. ಇಲ್ಲಿ ಅದು ಪ್ರಾಣಕ್ಕೇ ಕುತ್ತು. ಮೇಲೆ ಬರುವಾಗ ಆ ದ್ರವ ಶ್ವಾಸಕೋಶಕ್ಕೆ ಇಳಿಯುತ್ತದೆ, ಹೊಟ್ಟೆಯಲ್ಲಿದ್ದಾಗ ಮಾಡುವ ಹಾನಿಗಿಂತ ಹೆಚ್ಚಿನ ಹಾನಿ ಅಲ್ಲಿ ಮಾಡುತ್ತದೆ. ಆಂಬುಲೆನ್ಸ್ ಕರೆಯಿರಿ, ಕುಡಿದ ಡಬ್ಬಿಯನ್ನೂ ಅದರ ಮೂಲ ಕ್ಯಾನಿನ ಲೇಬಲನ್ನೂ ಜೊತೆಗೆ ಕಳಿಸಿ.

ಲೇಬಲ್ ಓದುವುದು

ಕೆಮಿಕಲ್ ಡಬ್ಬಿಗಳ ಮೇಲೆ ಕೆಂಪು ಅಂಚಿನ, ಪತಂಗದ ಆಕಾರದ ಚೌಕ ಇರುತ್ತದೆ, ಒಳಗೆ ಕಪ್ಪು ಚಿತ್ರ. ಇದು ವಿಶ್ವಸಂಸ್ಥೆಯ ಪದ್ಧತಿ, ಬೇರೆ ಬೇರೆ ದೇಶಗಳಲ್ಲಿ ಒಂದೇ. ಒಟ್ಟು ಒಂಬತ್ತು ಚಿತ್ರಗಳಿವೆ. ನಿಮ್ಮ ಶೆಡ್ಡಿನಲ್ಲಿ ಸಾಮಾನ್ಯವಾಗಿ ಕಾಣುವವು ಇವು: ಬೆಂಕಿಯ ಜ್ವಾಲೆ ಇದ್ದರೆ ಬೇಗ ಹೊತ್ತಿಕೊಳ್ಳುತ್ತದೆ ಅಂತ. ಕೈ ಮೇಲೂ ಲೋಹದ ಮೇಲೂ ದ್ರವ ಸುರಿಯುವ ಚಿತ್ರ ಇದ್ದರೆ ಚರ್ಮ, ಕಣ್ಣು ಸುಡುತ್ತದೆ ಅಂತ. ಮನುಷ್ಯನ ಎದೆಯಲ್ಲಿ ನಕ್ಷತ್ರ ಒಡೆದಂತಿದ್ದರೆ, ಅದು ಇವತ್ತೇ ನೋವು ಕೊಡದೆ ವರ್ಷಗಟ್ಟಲೆ ಒಳಗೊಳಗೇ ಹಾಳು ಮಾಡುವಂಥದ್ದು. ಒಣಗಿದ ಮರ, ಸತ್ತ ಮೀನು ಇದ್ದರೆ ನೀರಿಗೆ ಬಿಡಬಾರದ ವಿಷ. ನನ್ನ ಮಾತು ಕೇಳುವುದಾದರೆ ಎದೆಯ ನಕ್ಷತ್ರಕ್ಕೇ ಹೆಚ್ಚು ಹೆದರಿ. ಬೆಂಕಿಗೆ ಎಲ್ಲರೂ ತಾವಾಗಿ ಹೆದರುತ್ತಾರೆ, ನಕ್ಷತ್ರವನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಅರಬ್ಬಿಯಲ್ಲಿ ‘ಖತರ್’ ಅಂತ ಬರೆದಿದ್ದರೆ ಅಪಾಯ ಎಂದರ್ಥ. ನಾವು ಊರಲ್ಲಿ ‘ಖತರ್ನಾಕ್’ ಅನ್ನುವುದೂ ಅದೇ ಪದದಿಂದ ಬಂದದ್ದು. ‘ತಹ್ದೀರ್’ ಅಂದರೆ ಎಚ್ಚರಿಕೆ, ಖತರ್‌ಗಿಂತ ಒಂದು ಮೆಟ್ಟಿಲು ಕಡಿಮೆ.

ಡಬ್ಬಿಯ ಜೊತೆ ಸುರಕ್ಷಾ ಮಾಹಿತಿ ಪತ್ರ ಎಂಬ ಕಾಗದವನ್ನು ಮಾರುವವರು ಕೊಡಬೇಕು. ಹಳಬರು ಇದನ್ನು ಎಂಎಸ್‌ಡಿಎಸ್ ಅನ್ನುತ್ತಾರೆ, ಈಗಿನ ಹೆಸರು ಎಸ್‌ಡಿಎಸ್. ಅದರಲ್ಲಿ 16 ಭಾಗಗಳಿವೆ. ಎಲ್ಲ ಓದುತ್ತಾ ಕೂರುವುದಕ್ಕೆ ನಿಮಗೆ ಪುರುಸೊತ್ತಿಲ್ಲ ಅಂತ ಗೊತ್ತು. 2ನೆಯದು ಏನು ಅಪಾಯ, 4ನೆಯದು ಪ್ರಥಮ ಚಿಕಿತ್ಸೆ, 7ನೆಯದು ಹೇಗೆ ಇಡಬೇಕು, 8ನೆಯದು ಯಾವ ಗ್ಲೌಸು ಯಾವ ಮಾಸ್ಕು, 13ನೆಯದು ಹೇಗೆ ವಿಲೇವಾರಿ. ಈ ಐದನ್ನು ನೋಡಿ. ಮೊಬೈಲಿನಲ್ಲಿ ಫೋಟೊ ತೆಗೆದು ಅನುವಾದದ ಆ್ಯಪ್‌ಗೆ ಹಾಕಿದರೆ ಕನ್ನಡದಲ್ಲೂ ಅರ್ಥ ಮಾಡಿಕೊಳ್ಳುವಷ್ಟು ಬರುತ್ತದೆ. ಆದರೆ ಅಳತೆ, ಅಂಕಿಗಳನ್ನು ಮೂಲದಲ್ಲೇ ನೋಡಿ.

ಕರಿ ಆಯಿಲ್

ಗ್ಯಾರೇಜಿನಲ್ಲಿ ಹೆಚ್ಚು ಹುಟ್ಟುವುದು ಇದೇ. ಊರಲ್ಲಿ ಬೇಲಿ ಗೂಟಕ್ಕೆ, ಮಾಡಿನ ಪಕ್ಕಾಸಿಗೆ ಗೆದ್ದಲು ಹಿಡಿಯದಿರಲಿ ಅಂತ ಕರಿ ಆಯಿಲ್ ಬಳಿಯುವುದನ್ನು ನೋಡಿ ಬೆಳೆದವರು ನಾವು. ಹಾಗಾಗಿ ಅದು ವಿಷ ಅಂತ ನಮಗೆ ಅನ್ನಿಸುವುದೇ ಇಲ್ಲ. ಎಂಜಿನ್ನಿನೊಳಗೆ ಸಾವಿರಾರು ಕಿಲೋಮೀಟರ್ ಬೆಂದು ಬಂದ ಎಣ್ಣೆಯಲ್ಲಿ ಸವೆದ ಲೋಹದ ಪುಡಿ ಇರುತ್ತದೆ, ಸುಟ್ಟ ಇಂಧನದ ಮಸಿ ಇರುತ್ತದೆ. ಅದರಲ್ಲಿ ಕ್ಯಾನ್ಸರ್ ತರುವ ಅಂಶಗಳೂ ಇವೆ. ದಿನಾ ಮೊಣಕೈವರೆಗೆ ಹಚ್ಚಿಕೊಂಡು, ಅದನ್ನು ತೊಳೆಯಲು ಪೆಟ್ರೋಲನ್ನೋ ಥಿನ್ನರನ್ನೋ ಸುರಿದುಕೊಂಡರೆ ಚರ್ಮದ ಸ್ವಂತ ಜಿಡ್ಡು ಹೋಗಿ ಬಿರುಕು ಬಿಡುತ್ತದೆ. ಬಿರುಕಿನೊಳಗೆ ಮತ್ತೆ ಎಣ್ಣೆ. ಕೈ ತೊಳೆಯಲು ಮೆಕ್ಯಾನಿಕ್‌ಗಳಿಗೆಂದೇ ಮಾಡಿದ ಪೇಸ್ಟ್ ಬರುತ್ತದೆ, ಅದನ್ನು ಕೇಳಿ ತರಿಸಿ. ನೈಟ್ರೈಲ್ ಗ್ಲೌಸು ಅದಕ್ಕಿಂತ ಒಳ್ಳೆಯದು.

ಒಂದು ಕಾರಿನ ಒಂದು ಸಲದ ಆಯಿಲ್ ಚೇಂಜ್ ಎಣ್ಣೆ 10 ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಇಲಾಖೆ ಹೇಳುತ್ತದೆ. ‘ಇಲ್ಲಿ ಸಿಹಿನೀರು ಎಲ್ಲಿದೆ, ಬರೀ ಮರಳು ತಾನೇ’ ಅಂತ ಕೇಳಬಹುದು. ಯುಎಇಯಲ್ಲಿ ಕುಡಿಯುವ ನೀರಿನ ಬಹುಪಾಲು ಸಮುದ್ರದ ನೀರಿನಿಂದ ಉಪ್ಪು ತೆಗೆದು ಮಾಡಿದ್ದು. ಬೀದಿ ಬದಿಯ ಮಳೆನೀರಿನ ಚರಂಡಿ ಶುದ್ಧೀಕರಣ ಘಟಕಕ್ಕೆ ಹೋಗುವುದಲ್ಲ, ಸಮುದ್ರದ ಕಡೆಗೆ ಹೋಗುವುದು. ಅಲ್ಲಿ ಸುರಿದದ್ದು ಸುತ್ತಿ ಬಳಸಿ ನಮ್ಮ ಲೋಟದ ಹತ್ತಿರವೇ ಬರುತ್ತದೆ. ಇನ್ನು ಮಳೆ. 2024ರ ಏಪ್ರಿಲ್ 16ರಂದು ಬಿದ್ದ ಮಳೆ ಇಲ್ಲಿದ್ದವರಿಗೆ ನೆನಪಿದ್ದೇ ಇರುತ್ತದೆ. ಶಾರ್ಜಾದ ಬೀದಿಗಳಲ್ಲಿ ದಿನಗಟ್ಟಲೆ ನೀರು ನಿಂತಿತ್ತು. ಅಂಥ ನೀರಿನಲ್ಲಿ ವರ್ಕ್‌ಶಾಪಿನ ನೆಲದ ಎಣ್ಣೆಯೆಲ್ಲ ತೇಲಿ ಬರುತ್ತದೆ, ಅದರಲ್ಲೇ ಬರಿಗಾಲಲ್ಲಿ ನಡೆದು ರೂಮು ಸೇರಬೇಕಾಗುತ್ತದೆ.

ಒಳ್ಳೆಯ ಸಂಗತಿ ಅಂದರೆ ಕರಿ ಆಯಿಲ್‌ಗೆ ಬೆಲೆ ಇದೆ. ಅದನ್ನು ಶುದ್ಧ ಮಾಡಿ ಮತ್ತೆ ಎಣ್ಣೆಯಾಗಿ ಬಳಸಬಹುದು. ಆದರೆ ಅದು ಬರೀ ಕರಿ ಆಯಿಲ್ ಆಗಿರಬೇಕು. 200 ಲೀಟರಿನ ಡ್ರಮ್ಮಿಗೆ ಯಾರೋ ಒಬ್ಬ ಒಂದು ಬಕೆಟ್ ಕೊಳಕು ಥಿನ್ನರ್ ಸುರಿದರೆ ಇಡೀ ಡ್ರಮ್ಮು ಹಾಳು. ಮಾರಬಹುದಾದ ಮಾಲು ದುಡ್ಡು ಕೊಟ್ಟು ಸಾಗಿಸಬೇಕಾದ ಕಸವಾಗುತ್ತದೆ. ಕೂಲಂಟ್ ಬೇಡ, ಬ್ರೇಕ್ ಆಯಿಲ್ ಬೇಡ, ನೆಲ ತೊಳೆದ ನೀರೂ ಬೇಡ. ಮುಚ್ಚಳ ತೆರೆದು ಫನಲ್ ಸಿಕ್ಕಿಸಿಟ್ಟ ಡ್ರಮ್ಮು ಎಲ್ಲರನ್ನೂ ‘ಬಾ, ಹಾಕು’ ಅಂತ ಕರೆಯುತ್ತದೆ. ಫನಲ್ ತೆಗೆದು ಮುಚ್ಚಳ ಬಿಗಿ ಮಾಡಿ, ‘ಯೂಸ್ಡ್ ಆಯಿಲ್ ಮಾತ್ರ’ ಅಂತ ಬರೆಯಿರಿ.

ಕೂಲಂಟ್ ಬಗ್ಗೆ ಒಂದು ಮಾತು ಸೇರಿಸಬೇಕು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ಬೆಕ್ಕು ನಾಯಿಗಳು ನೆಕ್ಕಿ ಸಾಯುತ್ತವೆ, ಮಕ್ಕಳೂ ಕುಡಿಯಬಹುದು. ಸಂಸಾರ ಕರೆಸಿಕೊಂಡಿರುವವರು ಅದನ್ನು ಮನೆಗೆ ಒಯ್ಯಲೇಬೇಡಿ.

ಆಯಿಲ್ ಫಿಲ್ಟರನ್ನು ಬಿಚ್ಚಿದ ಕೂಡಲೇ ಕಸಕ್ಕೆ ಎಸೆಯುತ್ತೇವಲ್ಲ, ಅದರೊಳಗೆ ಎಣ್ಣೆ ಇನ್ನೂ ಉಳಿದಿರುತ್ತದೆ. ಬಿಸಿ ಇರುವಾಗಲೇ ತೂತು ಮಾಡಿ, ಒಂದು ರಾತ್ರಿ ಬೋರಲು ಇಟ್ಟು ಸೋರಲು ಬಿಡಿ. ಎಣ್ಣೆ ಡ್ರಮ್ಮಿಗೆ, ಫಿಲ್ಟರ್ ಕಬ್ಬಿಣದ ಗುಜರಿಗೆ.

ಡ್ರಮ್ಮನ್ನು ಅಂಚಿನವರೆಗೆ ತುಂಬಬೇಡಿ, ಒಂದು ಗೇಣು ಜಾಗ ಬಿಡಿ. ಇಲ್ಲಿನ ಬಿಸಿಲಿಗೆ ದ್ರವ ಹಿಗ್ಗುತ್ತದೆ, ಡ್ರಮ್ಮು ಉಬ್ಬುತ್ತದೆ. ನೆರಳಿನಲ್ಲಿ, ಅಡಿಯಲ್ಲಿ ಅಂಚಿರುವ ಟ್ರೇ ಇಟ್ಟು ನಿಲ್ಲಿಸಿ. ಡ್ರಮ್ಮು ಒಡೆದರೂ ಹಿಡಿಯುವಷ್ಟು ದೊಡ್ಡ ಟ್ರೇ ಇರಬೇಕು, ಇಲ್ಲಾಂದ್ರೆ ಅದು ಬರೀ ತೋರಿಕೆ.

ಥಿನ್ನರ್ ಕಡಿಮೆ ಮಾಡುವ ಲೆಕ್ಕ

ತ್ಯಾಜ್ಯ ನಿಭಾಯಿಸುವುದಕ್ಕಿಂತ ಅದು ಹುಟ್ಟದಂತೆ ನೋಡಿಕೊಳ್ಳುವುದು ಅಗ್ಗ. ಇದನ್ನು ಮುದೀರ್‌ಗೆ ಹೇಳುವಾಗ ಪರಿಸರದ ಮಾತು ಆಡಬೇಡಿ, ದಿರ್ಹಮ್ಮಿನ ಲೆಕ್ಕದಲ್ಲಿ ಹೇಳಿ. ಉದಾಹರಣೆಗೆ ಪೇಂಟಿಂಗ್ ಶೆಡ್ಡೊಂದರಲ್ಲಿ ಸ್ಪ್ರೇ ಗನ್ ತೊಳೆಯಲು ಪ್ರತಿ ಸಲ ಅರ್ಧ ಲೀಟರ್ ಹೊಸ ಥಿನ್ನರ್ ಹಾಕುತ್ತಾರೆ ಅಂತಿಟ್ಟುಕೊಳ್ಳಿ. ದಿನಕ್ಕೆ ಎಂಟು ಸಲ ತೊಳೆದರೆ 4 ಲೀಟರ್, ತಿಂಗಳಿಗೆ 26 ದಿನಕ್ಕೆ 104 ಲೀಟರ್. ತರುವಾಗ ಒಂದು ದುಡ್ಡು, ಕೊಳಕಾದ ಮೇಲೆ ಸಾಗಿಸಲು ಇನ್ನೊಂದು ದುಡ್ಡು.

ಈಗ ಹೀಗೆ ಮಾಡಿ. ಕೊಳಕು ಥಿನ್ನರನ್ನು ಮುಚ್ಚಳದ ಲೋಹದ ಕ್ಯಾನಿನಲ್ಲಿ ಅಲುಗಾಡಿಸದೆ ಒಂದೆರಡು ದಿನ ಬಿಡಿ. ಬಣ್ಣ ಕೆಳಗೆ ಕೂರುತ್ತದೆ, ಮೇಲೆ ತಿಳಿಯಾದದ್ದು ಉಳಿಯುತ್ತದೆ. ಆ ತಿಳಿಯಿಂದ ಗನ್ನಿನ ಮೊದಲ ತೊಳೆತ ಮುಗಿಸಿ. ಕೊನೆಗೆ ಮಾತ್ರ 100 ಮಿಲಿಲೀಟರ್ ಹೊಸದು ಹಾಕಿ ಜಾಲಿಸಿ. ದಿನಕ್ಕೆ ಎಂಟು ಸಲವೇ ಆದರೂ ಹೊಸ ಥಿನ್ನರ್ ಮುಕ್ಕಾಲು ಲೀಟರ್ ಚಿಲ್ಲರೆ, ತಿಂಗಳಿಗೆ ಸುಮಾರು 21 ಲೀಟರ್. ಅಡಿಯಲ್ಲಿ ಕೂತ ಗಸಿ ಮಾತ್ರ ಅಪಾಯಕಾರಿ ತ್ಯಾಜ್ಯ, ಅದನ್ನು ಬೇರೆ ಕ್ಯಾನಿನಲ್ಲಿ ಹೆಸರು ಬರೆದು ಇಡಿ. ಬಣ್ಣವನ್ನೂ ಹಾಗೆಯೇ ಅಳೆದು ಕಲಸಿ. ಒಂದು ಬಾಗಿಲಿಗೆ ಬೇಕಾದಷ್ಟಕ್ಕೆ ಇಡೀ ಬಾನೆಟ್ಟಿನಷ್ಟು ಕಲಸುವುದು ಪೇಂಟರುಗಳ ಹಳೇ ಚಾಳಿ.

ಎರಡು ಅಡ್ಡದಾರಿಗಳಿವೆ, ಎರಡೂ ಬೇಡ. ಮೊದಲನೆಯದು, ಕೊಳಕು ಥಿನ್ನರನ್ನು ಅಗಲ ಬಾಣಲೆಯಲ್ಲಿ ತೆರೆದಿಟ್ಟು ಬಿಸಿಲಿಗೆ ಆರಿಸಿಬಿಡುವುದು. ಅದು ಆರಿ ಹೋಗುವುದು ಎಲ್ಲಿಗೆ? ನಿಮ್ಮ ಮೂಗಿಗೆ. ಎರಡನೆಯದು, ಗ್ಯಾಸ್ ಒಲೆಯ ಮೇಲೆ ಕಾಯಿಸಿ ಭಟ್ಟಿ ಇಳಿಸಿ ಶುದ್ಧ ಮಾಡುವ ಜಾಣತನ. ಥಿನ್ನರಿನಲ್ಲಿರುವ ಟಾಲ್ವೀನ್ 4 ಡಿಗ್ರಿ ಉಷ್ಣತೆಯಲ್ಲೇ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಡೀಸೆಲ್‌ಗೆ ಅದು 50 ಡಿಗ್ರಿ ದಾಟಬೇಕು. ಅಂದರೆ ಕೊಲ್ಲಿ ದೇಶದ ಚಳಿಗಾಲದ ರಾತ್ರಿಯಲ್ಲೂ ಥಿನ್ನರ್ ಬೆಂಕಿಗೆ ಸಿದ್ಧವಾಗಿಯೇ ಕೂತಿರುತ್ತದೆ. ಒಲೆ ಬೇರೆ ಬೇಕೇ?

ಈ ಆವಿ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೆಲದುದ್ದಕ್ಕೂ ಹರಿದು ಗಾಡಿಯ ಅಡಿ ನಿಂತು ಕೆಲಸ ಮಾಡುವ ಪಿಟ್ಟಿನಲ್ಲಿ ತುಂಬಿಕೊಳ್ಳುತ್ತದೆ. ವಾಸನೆ ಮೂಗಿಗೆ ಅಷ್ಟು ಬಡಿಯದಿದ್ದರೂ ಪಿಟ್ಟಿನೊಳಗೆ ಇಳಿದವನಿಗೆ ತಲೆ ತಿರುಗುತ್ತದೆ, ಅವನ ಕೈಯಲ್ಲಿರುವ ಬಲ್ಬು ಒಡೆದರೆ ಅಷ್ಟೇ.

ಇನ್ನು ಹಾರ್ಡನರ್ ಬೆರೆಸಿ ಹೊಡೆಯುವ ಟು-ಕೆ ಪೇಂಟಿನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದರಿಂದ ಬರುವ ಅಸ್ತಮಾ ಒಮ್ಮೆ ಅಂಟಿತೆಂದರೆ ಆಮೇಲೆ ಸ್ವಲ್ಪ ಸೋಕಿದರೂ ಉಸಿರು ಕಟ್ಟುತ್ತದೆ, ಆ ಕೆಲಸವನ್ನೇ ಬಿಡಬೇಕಾಗುತ್ತದೆ. ಕಿವಿಗೆ ಸಿಕ್ಕಿಸುವ ಬಿಳಿ ಬಟ್ಟೆಯ ಮಾಸ್ಕು ಇದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ತರುವ ಮಾಸ್ಕೇ ಇದಕ್ಕೆ ಸರಿ. ಉಳಿದ ಹಾರ್ಡನರಿಗೆ ನೀರು ತಾಗಿಸಿ ಮುಚ್ಚಳ ಬಿಗಿ ಮಾಡಬೇಡಿ. ಒಳಗೆ ಗ್ಯಾಸ್ ಹುಟ್ಟಿ ಡಬ್ಬಿ ಸಿಡಿಯಬಹುದು.

ಖಾಲಿ ಡ್ರಮ್ಮು ಖಾಲಿಯಲ್ಲ

ತುಂಬಿದ ಡ್ರಮ್ಮಿಗಿಂತ ಖಾಲಿ ಡ್ರಮ್ಮು ಹೆಚ್ಚು ಅಪಾಯ ಅಂದರೆ ಹೊಸಬರು ನಗುತ್ತಾರೆ. ಹೊತ್ತಿಕೊಳ್ಳುವುದು ದ್ರವವಲ್ಲ, ಗಾಳಿಯೊಂದಿಗೆ ಬೆರೆತ ಆವಿ. ತುಂಬಿದ ಡ್ರಮ್ಮಿನಲ್ಲಿ ಗಾಳಿಗೆ ಜಾಗವೇ ಇಲ್ಲ. ಖಾಲಿಯಾದದ್ದರಲ್ಲಿ ಅಡಿಯಲ್ಲಿ ನಾಲ್ಕು ಚಮಚ ಥಿನ್ನರ್ ಉಳಿದಿದ್ದರೂ ಸಾಕು, ಒಳಗೆಲ್ಲ ಆವಿ ಮತ್ತು ಗಾಳಿ ತುಂಬಿ ಬಾಂಬಿನ ಹಾಗಾಗುತ್ತದೆ. ರಜಾದಿನ ಕ್ಯಾಂಪಿನಲ್ಲಿ ಕೋಳಿ ಸುಡಲು ಒಲೆ ಬೇಕು ಅಂತ ಗ್ರೈಂಡರ್ ಹಿಡಿದು ಡ್ರಮ್ಮನ್ನು ಸೀಳಲು ಹೋಗುತ್ತಾರೆ. ಡಿಸ್ಕಿನ ಕಿಡಿ ಒಳಗೆ ಬಿದ್ದ ಕ್ಷಣ ಡ್ರಮ್ಮಿನ ಮುಚ್ಚಳ ಮುಖಕ್ಕೇ ಹಾರುತ್ತದೆ. ವೆಲ್ಡಿಂಗ್, ಗ್ಯಾಸ್ ಕಟಿಂಗ್ ಮಾಡಿದರೂ ಇದೇ ಕಥೆ. ನೀರು ಹಾಕಿ ಒಂದು ಸಲ ತೊಳೆದೆ ಅಂದರೆ ನಂಬಬೇಡಿ, ಎಣ್ಣೆ ಜಿಡ್ಡು ನೀರಿಗೆ ಹೋಗುವುದಿಲ್ಲ.

ಕೆಮಿಕಲ್ ಬಂದ ಡ್ರಮ್ಮನ್ನು ಕತ್ತರಿಸಬೇಡಿ, ಅದರಲ್ಲಿ ನೀರು ಹಿಡಿದಿಡಬೇಡಿ, ಬಟ್ಟೆ ನೆನೆಸಬೇಡಿ. ಮುಚ್ಚಳ ಹಾಕಿ, ಮಾರಿದವರಿಗೇ ವಾಪಸು ಕೊಡಿ ಅಥವಾ ಪರವಾನಗಿ ಇರುವ ಡ್ರಮ್ ವ್ಯಾಪಾರಿಗೆ ಕೊಡಿ.

ವೆಲ್ಡರುಗಳಿಗೆ ಇನ್ನೊಂದು ಎಚ್ಚರಿಕೆ. ಕೆಲವು ಬ್ರೇಕ್ ಕ್ಲೀನರುಗಳಲ್ಲಿ ಕ್ಲೋರಿನ್ ಸೇರಿದ ದ್ರಾವಕ ಇರುತ್ತದೆ. ಅದನ್ನು ಹೊಡೆದ ಲೋಹ ಪೂರ್ತಿ ಒಣಗುವ ಮುಂಚೆ ವೆಲ್ಡಿಂಗ್ ಹಚ್ಚಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟಿದ್ದ ಗ್ಯಾಸ್ ಅದು. ಉಸಿರಾಟದ ತೊಂದರೆ ಕೆಲವು ಗಂಟೆಗಳ ನಂತರ, ರೂಮಿಗೆ ಹೋದ ಮೇಲೆ ಕಾಣಿಸಿಕೊಳ್ಳಬಹುದು.

ಬ್ಯಾಟರಿ, ಬಟ್ಟೆಚಿಂದಿ, ಮರದ ಹುಡಿ

ಹಳೇ ಬ್ಯಾಟರಿಯ ಸೀಸಕ್ಕೆ ಒಳ್ಳೆಯ ಬೆಲೆ ಇದೆ. ಅದಕ್ಕೇ ಕೆಲವರು ಭಾರ ಕಡಿಮೆಯಾಗಲಿ ಅಂತ ಆಸಿಡ್ಡನ್ನು ಮರಳಿಗೆ ಬಗ್ಗಿಸಿ, ಬ್ಯಾಟರಿ ಒಡೆದು ಸೀಸ ತೆಗೆಯುತ್ತಾರೆ. ಸೀಸದ ಪುಡಿ ಬಟ್ಟೆಗೆ ಹತ್ತಿ ರೂಮಿಗೆ ಬರುತ್ತದೆ, ಅದೇ ಕೈಯಲ್ಲಿ ಅನ್ನ ಕಲಸುತ್ತೇವೆ. ಮಕ್ಕಳಿರುವ ಮನೆಯಾದರೆ ಇನ್ನೂ ಕೆಟ್ಟದ್ದು, ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ತಡೆಯುತ್ತದೆ. ಬ್ಯಾಟರಿಯನ್ನು ಒಡೆಯದೆ ನೇರವಾಗಿ ನಿಲ್ಲಿಸಿ, ಪ್ಲಾಸ್ಟಿಕ್ ಟ್ರೇಯಲ್ಲಿ, ನೆರಳಲ್ಲಿ ಇಡಿ. ಟರ್ಮಿನಲ್‌ಗೆ ಟೇಪು ಸುತ್ತಿ. ಚಾರ್ಜಿಗೆ ಹಾಕುವ ಜಾಗದಲ್ಲಿ ಗಾಳಿ ಆಡಲಿ, ಅಲ್ಲಿ ಹೊರಡುವ ಹೈಡ್ರೋಜನ್ ಗಾಳಿಯಲ್ಲಿ ನೂರಕ್ಕೆ 4 ಭಾಗ ಸೇರಿದರೂ ಸಿಡಿಯುತ್ತದೆ. ಬೀಡಿ ಸಿಗರೇಟು ಅಲ್ಲಿಂದ ದೂರ.

ಆಸಿಡ್ ಕಣ್ಣಿಗೆ ಹಾರಿದರೆ ಕನಿಷ್ಠ 15 ನಿಮಿಷ ನೀರು ಹಾಯಿಸುತ್ತಲೇ ಇರಬೇಕು. ಇಲ್ಲೊಂದು ವಿಷಯ ಯಾವ ಪೋಸ್ಟರಿನಲ್ಲೂ ಬರೆದಿರುವುದಿಲ್ಲ: ಬೇಸಿಗೆಯಲ್ಲಿ ಶೆಡ್ಡಿನ ಮೇಲಿನ ಟ್ಯಾಂಕಿಯ ನೀರು ಕೈ ಇಡಲಾರದಷ್ಟು ಕಾದಿರುತ್ತದೆ. ಆ ನೀರನ್ನು ಕಣ್ಣಿಗೆ ಹೇಗೆ ಬಿಡುತ್ತೀರಿ? ಎಸಿ ಇರುವ ಆಫೀಸು ಕೋಣೆಯಲ್ಲಿ ಐದು ಗ್ಯಾಲನ್ನಿನ ಕುಡಿಯುವ ನೀರಿನ ಕ್ಯಾನೊಂದನ್ನು ಕಣ್ಣು ತೊಳೆಯಲೆಂದೇ ತೆಗೆದಿಡಿ.

ಮರಕ್ಕೆ ಹಚ್ಚುವ ಲಿನ್ಸೀಡ್ ಆಯಿಲ್ ಒರೆಸಿದ ಬಟ್ಟೆಚಿಂದಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಬೆಂಕಿಕಡ್ಡಿ ಬೇಡ, ಕಿಡಿ ಬೇಡ. ಆ ಎಣ್ಣೆ ಒಣಗುವಾಗ ಗಾಳಿಯೊಂದಿಗೆ ಸೇರಿ ಬಿಸಿ ಹುಟ್ಟಿಸುತ್ತದೆ, ಗುಡ್ಡೆ ಹಾಕಿದ ಬಟ್ಟೆಯಲ್ಲಿ ಬಿಸಿ ಹೊರಗೆ ಹೋಗಲಾರದೆ ಏರುತ್ತಾ ಹೋಗುತ್ತದೆ. ಅಂಗಡಿ ಮುಚ್ಚಿ ಮೂರು ನಾಲ್ಕು ಗಂಟೆಯ ಮೇಲೆ ಬೆಂಕಿ. ಅಂಗಡಿಯ ಅಟ್ಟದಲ್ಲೋ ಹಿಂಬದಿಯಲ್ಲೋ ಮಲಗುವವರು ಈಗಲೂ ಇದ್ದಾರೆ. ಅದಕ್ಕೆ ಇಲ್ಲಿ ಅನುಮತಿ ಇಲ್ಲ ಅನ್ನುವುದು ಒಂದು, ಅಂಥ ರಾತ್ರಿ ಮೆಟ್ಟಿಲೇ ಉರಿಯುತ್ತಿದ್ದರೆ ಇಳಿಯುವ ದಾರಿ ಇಲ್ಲ ಅನ್ನುವುದು ಇನ್ನೊಂದು. ಚಿಂದಿಯನ್ನು ನೀರು ತುಂಬಿದ, ಮುಚ್ಚಳ ಇರುವ ಲೋಹದ ಡಬ್ಬಿಗೆ ಹಾಕಿ ಮನೆಗೆ ಹೊರಡಿ.

ನೆಲಕ್ಕೆ ಚೆಲ್ಲಿದ ಎಣ್ಣೆಗೆ ಮರದ ಹುಡಿ ಹಾಕಿ ಗುಡಿಸುವುದು ಸರಿಯೇ. ಆದರೆ ಎಣ್ಣೆ ಹೀರಿದ ಹುಡಿ ಈಗ ಮರದ ಹುಡಿಯಲ್ಲ, ಎಣ್ಣೆಯ ತ್ಯಾಜ್ಯ. ಬೀದಿಯ ಕಸದ ಪೆಟ್ಟಿಗೆಗೆ ಹಾಕಿದರೆ, ಅದನ್ನು ಒತ್ತಿ ತುಂಬುವ ಲಾರಿಯಲ್ಲಿ ಬೆಂಕಿ ಹತ್ತಬಹುದು. ಆ ಲಾರಿಯಲ್ಲಿ ನಿಂತು ಹೋಗುವವನೂ ನಮ್ಮ ಹಾಗೆಯೇ ದೂರದೂರಿನಿಂದ ಬಂದವನು.

ಯಾರಿಗೆ ಕೊಡುವುದು, ಏನು ಸಹಿ ಹಾಕುವುದು

ಸಂಜೆ ಹೊತ್ತು ಪಿಕಪ್ ತಂದು ‘ಆಯಿಲ್ ಇದೆಯಾ, ಬ್ಯಾಟರಿ ಇದೆಯಾ’ ಅಂತ ಕೈಗೆ ನಗದು ಕೊಡುವವರು ಬರುತ್ತಾರೆ. ಅವರಿಗೆ ಕೊಡಬೇಡಿ. ಅವರು ಅದನ್ನು ಮರುಭೂಮಿಯಲ್ಲಿ ಸುರಿದು ಸಿಕ್ಕಿಬಿದ್ದರೆ, ‘ಎಲ್ಲಿಂದ ತಂದೆ’ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಶೆಡ್ಡು. ಈ ದೇಶದಲ್ಲಿ ಅಪಾಯಕಾರಿ ತ್ಯಾಜ್ಯವನ್ನು ಪರವಾನಗಿ ಇಲ್ಲದೆ ಸಾಗಿಸುವುದು, ಸಂಗ್ರಹಿಸುವುದು 1999ರ 24ನೇ ಫೆಡರಲ್ ಕಾನೂನಿನಿಂದಲೇ ನಿಷಿದ್ಧ. 2018ರಲ್ಲಿ ತ್ಯಾಜ್ಯಕ್ಕೆಂದೇ 12ನೇ ಫೆಡರಲ್ ಕಾನೂನು ಬಂತು. ಪರವಾನಗಿ ಇರುವ ಸಾಗಣೆದಾರರ ಬಗ್ಗೆ ದುಬೈಯಲ್ಲಿ ಬಲ್ದಿಯಾವನ್ನು, ಶಾರ್ಜಾದಲ್ಲಿ ಬೀಆವನ್ನು, ಅಬುಧಾಬಿಯಲ್ಲಿ ತದ್ವೀರ್ ಅನ್ನು ಕೇಳಬೇಕು. ದುಬೈ ಬಲ್ದಿಯಾದ ಅಪಾಯಕಾರಿ ತ್ಯಾಜ್ಯ ಘಟಕ ಜೆಬೆಲ್ ಅಲಿಯಲ್ಲಿದೆ.

ಲಾರಿ ಬಂದಾಗ ಸಾಗಣೆ ಚೀಟಿ ಬರುತ್ತದೆ. ಏನು, ಎಷ್ಟು, ಯಾವತ್ತು, ಯಾವ ಗಾಡಿ ಅಂತ ಅದರಲ್ಲಿ ಇರಬೇಕು. ಸ್ಟೋರ್‌ಕೀಪರ್ ಆಗಿರುವ ನಮ್ಮ ಹುಡುಗರಿಗೆ ಒತ್ತಿ ಹೇಳುತ್ತೇವೆ: ಓದಲಾಗದ ಚೀಟಿಗೆ, ಖಾಲಿ ಬಿಟ್ಟ ಚೀಟಿಗೆ ಸಹಿ ಹಾಕಬೇಡಿ. 50 ಲೀಟರ್ ಹೋದಲ್ಲಿ 200 ಅಂತ ಬರೆದಿದ್ದರೆ ಉಳಿದ 150 ಎಲ್ಲಿ ಹೋಯಿತು ಅಂತ ನಾಳೆ ಕೇಳುವುದು ನಿಮ್ಮನ್ನೇ. ಸಹಿ ಹಾಕಿದ ಚೀಟಿಯ ಫೋಟೊ ನಿಮ್ಮ ಮೊಬೈಲಿನಲ್ಲಿ ಇರಲಿ. ಆದರೆ ಶೆಡ್ಡಿನ ಕೊಳಕು, ಮಾಲೀಕರ ಹೆಸರು, ಬೋರ್ಡು ಎಲ್ಲ ಸೇರಿಸಿ ವಿಡಿಯೊ ಮಾಡಿ ಟಿಕ್‌ಟಾಕ್‌ಗೋ ವಾಟ್ಸಾಪ್ ಗುಂಪಿಗೋ ಹಾಕಬೇಡಿ. ಇಲ್ಲಿಯ ಸೈಬರ್ ಕಾನೂನು ಬಿಗಿ, ನ್ಯಾಯ ನಿಮ್ಮ ಕಡೆ ಇದ್ದರೂ ಕೇಸು ನಿಮ್ಮ ಮೇಲೆ ಬೀಳಬಹುದು.

‘ಚರಂಡಿಗೆ ಸುರಿ’ ಅಂದರೆ

ಎಲ್ಲರಿಗೂ ಬರುವ ಕಷ್ಟದ ಗಳಿಗೆ ಇದೇ. ಅರಬಾಬೋ ಫೋರ್‌ಮನ್ನೋ ‘ರಾತ್ರಿ ಹೋಗಿ ಹಿಂದಿನ ಮೋರಿಗೆ ಬಿಡು’ ಅಂತಾರೆ. ವೀಸಾ ಅವರ ಕೈಯಲ್ಲಿ, ಊರಲ್ಲಿ ಸಾಲ, ತಂಗಿಯ ಮದುವೆ. ಮುಖ ಮುರಿದು ‘ಆಗಲ್ಲ’ ಅನ್ನಲು ಧೈರ್ಯ ಸಾಲುವುದಿಲ್ಲ. ಆಗ ಜಗಳಕ್ಕೆ ಹೋಗಬೇಡಿ. ‘ಸಾರ್, ಸಿಕ್ಕಿಬಿದ್ದರೆ ಲೈಸೆನ್ಸಿಗೆ ತೊಂದರೆ, ಲಾರಿಯವರಿಗೆ ನಾನೇ ಫೋನ್ ಮಾಡ್ತೀನಿ’ ಅನ್ನಿ. ಅವರ ನಷ್ಟದ ಮಾತು ಅವರಿಗೆ ಬೇಗ ಅರ್ಥವಾಗುತ್ತದೆ. ವಾಟ್ಸಾಪಿನಲ್ಲಿ ಒಂದು ವಿನಯದ ಮೆಸೇಜು ಕಳಿಸಿಡಿ: ‘ಡ್ರಮ್ ತುಂಬಿದೆ, ಕಂಪನಿಯವರನ್ನು ಕರೆಸಬೇಕು.’ ಅವರಿಗೆ ತಿಳಿಸಿದ್ದಿರಿ ಎಂಬುದಕ್ಕೆ ಅದೇ ದಾಖಲೆ.

ಕಾನೂನು ನಿಮ್ಮ ಪರ ಏನು ಹೇಳುತ್ತದೆ ಅಂತಲೂ ಗೊತ್ತಿರಲಿ. 2021ರ 33ನೇ ಕಾರ್ಮಿಕ ಕಾನೂನಿನ 13ನೇ ವಿಧಿಯ ಪ್ರಕಾರ ಅಪಾಯದಿಂದ ರಕ್ಷಿಸುವ ಸಾಧನಗಳನ್ನು ಒದಗಿಸುವುದು ಮಾಲೀಕರ ಹೊಣೆ. 37ನೇ ವಿಧಿಯ ಪ್ರಕಾರ ಕೆಲಸದಲ್ಲಿ ಗಾಯವಾದರೆ, ಕೆಲಸದಿಂದಲೇ ಕಾಯಿಲೆ ಬಂದರೆ ಚಿಕಿತ್ಸೆಯ ಖರ್ಚು ಅವರದು. ಚಿಕಿತ್ಸೆಯ ಮೊದಲ ಆರು ತಿಂಗಳವರೆಗೆ ಪೂರ್ತಿ ಸಂಬಳ, ಆಮೇಲೂ ಗುಣವಾಗದಿದ್ದರೆ ಇನ್ನಾರು ತಿಂಗಳು ಅರ್ಧ ಸಂಬಳ. ಜೀವಕ್ಕೆ ಗಂಭೀರ ಅಪಾಯ ಇದ್ದು, ಅದು ಮಾಲೀಕರಿಗೆ ಗೊತ್ತಿದ್ದೂ ಸರಿಪಡಿಸದಿದ್ದರೆ ನೋಟಿಸ್ ಕೊಡದೆ ಕೆಲಸ ಬಿಡಲು 45ನೇ ವಿಧಿಯಲ್ಲಿ ಅವಕಾಶ ಇದೆ. ಆದರೆ ಸುಮ್ಮನೆ ಎದ್ದು ಹೋಗಬೇಡಿ, ‘ಓಡಿಹೋದ’ ಅಂತ ದೂರು ಬೀಳುತ್ತದೆ. ಮೊದಲು ಕಾರ್ಮಿಕ ಸಚಿವಾಲಯದ 600590000 ಸಂಖ್ಯೆಗೆ ಮಾತಾಡಿ. ಭಾರತೀಯ ದೂತಾವಾಸದ ನೆರವು ಕೇಂದ್ರ 80046342, ಇದಕ್ಕೆ ಕರೆ ಉಚಿತ.

ಬೆಂಕಿ, ಗಾಯ ಆದಾಗ ಫೋನ್ ಮಾಡುವ ಸಂಖ್ಯೆಗಳನ್ನು ಗೋಡೆ ಮೇಲೆ ಬರೆದಿಡಿ. ಯುಎಇಯಲ್ಲಿ ಪೊಲೀಸ್ 999, ಆಂಬುಲೆನ್ಸ್ 998, ಅಗ್ನಿಶಾಮಕ 997. ಸೌದಿಯಿಂದ ಇಲ್ಲಿಗೆ ಬಂದವರು ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಅಲ್ಲಿ ಆಂಬುಲೆನ್ಸ್ 997, ಅಗ್ನಿಶಾಮಕ 998, ಸರಿಯಾಗಿ ಉಲ್ಟಾ. ಕತಾರ್, ಬಹ್ರೇನ್‌ನಲ್ಲಿ 999, ಒಮಾನಿನಲ್ಲಿ 9999, ಕುವೈತಿನಲ್ಲಿ 112. ಫೋನಿನಲ್ಲಿ ಮೊದಲು ಜಾಗ ಹೇಳಿ, ಆಮೇಲೆ ಯಾವ ಕೆಮಿಕಲ್ ಅಂತ ಹೇಳಿ. ದುಬೈಯಲ್ಲಾದರೆ ಬಾಗಿಲ ಹತ್ತಿರದ ಫಲಕದಲ್ಲಿ ಹತ್ತು ಅಂಕಿಯ ಮಕಾನಿ ನಂಬರ್ ಇರುತ್ತದೆ, ಅದನ್ನೇ ಓದಿ ಹೇಳಿ. ಬೇರೆ ಕಡೆ ಒಂದೇ ತರದ ಶೆಡ್ಡುಗಳ ಸಾಲಿನಲ್ಲಿ ಗಾಡಿಯವರು ಹುಡುಕಾಡದಂತೆ ಒಬ್ಬರು ಮುಖ್ಯ ರಸ್ತೆಗೆ ಓಡಿ ಹೋಗಿ ಕೈ ಬೀಸುತ್ತಾ ನಿಂತಿರಿ.